ಎರಡು ಅಡುಗೆಮನೆಗಳ ಹಾಡು

ಉಲ್ಲಾಳ
9 ಜೂನ್ 2024

ಅತ್ತೆಯವರಿಗೆ ವಚನಾಳ ನಮಸ್ಕಾರ.

ಹಾಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದು. ನಿಮ್ಮ ಮಗ ಮತ್ತು ನಾನು ಕೋರ್ಟಿನಲ್ಲಿ ಅರ್ಜಿ ಹಾಕಿದ್ದಷ್ಟೇ ಆಗಿದೆ, ತೀರ್ಪು ಬರಲು ಇನ್ನೂ ತಿಂಗಳುಗಳಿವೆ. ಹಾಗಾಗಿ ಸದ್ಯಕ್ಕೆ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಈ ವಾರವಿಡೀ ಬೆಳಿಗ್ಗೆ ನಾನು ಹಾಸಿಗೆಯಲ್ಲಿರುವಾಗಲೇ ನನ್ನ ಅಡುಗೆಮನೆಯಲ್ಲಿ ವಚನ ಗಾಯನ ಶುರುವಾಗುತ್ತದೆ. ನಾನು ಹಾಕಿದ್ದಲ್ಲ, ಈ ಬಾಡಿಗೆ ಮನೆಯಲ್ಲಿ ಇರುವುದು ನಾನೊಬ್ಬಳೇ. ಮೊದಲ ದಿನ ಪೊರಕೆ ಹಿಡಿದುಕೊಂಡು ಹೋಗಿ ನೋಡಿದೆ. ಶೆಲ್ಫಿನ ಮೇಲಿನ ಸ್ಪೀಕರ್ ತನ್ನ ಪಾಡಿಗೆ ತಾನು ಹಾಡುತ್ತಿತ್ತು. ದನಿ ಕೇಳಿದ ಮೇಲೆ ಧೈರ್ಯ ಬಂತು. ನೀವು ಪೂಜೆ ಮುಗಿಸಿ ಒಲೆ ಹಚ್ಚುವಾಗ ಹಾಕುವ ಹಾಡೇ ಅದು.

ಆಗಿದ್ದು ಇಷ್ಟು. ಮನೆ ಬಿಡುವಾಗ ನಮ್ಮ ರೂಮಿನಲ್ಲಿದ್ದ ಸ್ಪೀಕರನ್ನು ನಾನು ತಂದೆ. ಇಲ್ಲಿ ಅಡುಗೆಮನೆಯಲ್ಲಿಟ್ಟು, ಫೋನಿನಲ್ಲಿ ಅದಕ್ಕೆ ‘ಅಡುಗೆಮನೆ’ ಎಂದು ಹೆಸರು ಕೊಟ್ಟೆ. ನಿಮ್ಮ ಒಲೆಯ ಪಕ್ಕದ ಸ್ಪೀಕರಿಗೂ ನಾನೇ ಅದೇ ಹೆಸರು ಕೊಟ್ಟಿದ್ದು ಮರೆತೇಹೋಗಿತ್ತು. ಹಾಡಿನ ಆ್ಯಪಿನಲ್ಲಿ ನಮ್ಮಿಬ್ಬರದೂ ಒಂದೇ ಖಾತೆ, ನಿಮ್ಮ ಮಗನ ಹೆಸರಿನದು. ನಿಮ್ಮ ಫೋನಿನಲ್ಲಿ ಈಗ ಎರಡು ಅಡುಗೆಮನೆ ಕಾಣುತ್ತಿರಬೇಕು. ನೀವು ಕೆಳಗಿನದನ್ನು ಒತ್ತುತ್ತಿದ್ದೀರಿ. ಮೇಲಿನದನ್ನು ಒತ್ತಿದರೆ ಸರಿಹೋಗುತ್ತದೆ.

ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ. ಕಾರಣ ಇರುತ್ತದೆ.

ಇಂತಿ
ವಚನಾ


ಬಸವೇಶ್ವರನಗರ
17 ಜೂನ್ 2024

ಚಿ. ವಚನಾಳಿಗೆ ಕಲ್ಯಾಣಮ್ಮನ ಆಶೀರ್ವಾದ.

ಇರುವುದು ಒಂದೇ ಊರಿನಲ್ಲಿ, ಇಲ್ಲಿಂದ ಉಲ್ಲಾಳಕ್ಕೆ ಒಂದು ಬಸ್ಸು, ಒಂದು ಆಟೋ. ಆದರೂ ನಿನ್ನ ಕಾಗದ ಊರೆಲ್ಲ ಸುತ್ತಿಕೊಂಡು ಬಂತು. ಬಂದು ನೋಡಿಕೊಂಡು ಹೋಗೋಣವೆಂದರೆ ನನ್ನ ಮಂಡಿ ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ.

ಫೋನ್ ಎತ್ತದ ಕಾರಣ ಕೇಳು. ನೀನು ಹೋದ ದಿನ ಚನ್ನು, “ಅಮ್ಮ, ಅವಳಿಗೆ ಫೋನು, ಮೆಸೇಜು ಏನೂ ಮಾಡ್ಬೇಡ. ಎಲ್ರಿಗೂ ಕಷ್ಟ ಆಗುತ್ತೆ” ಅಂದ. ಹೂಂ ಅಂದೆ. ನಾನು ಕೊಟ್ಟ ಮಾತು ತಪ್ಪುವವಳಲ್ಲ, ಸುಳ್ಳು ಹೇಳುವವಳೂ ಅಲ್ಲ ಅಂತ ನಿನಗೆ ಗೊತ್ತು. ವೋಟರ್ ಲಿಸ್ಟಿನವರು ನನ್ನ ವಯಸ್ಸು ಎರಡು ವರ್ಷ ಕಡಿಮೆ ಬರೆದುಕೊಂಡು ಹೋದಾಗ, ಬೀದಿ ಕೊನೆಯವರೆಗೆ ಅವರ ಹಿಂದೆ ಹೋಗಿ ತಿದ್ದಿಸಿದ್ದನ್ನು ನೆನೆದು ನೀನು ವಾರಗಟ್ಟಲೆ ನಗುತ್ತಿದ್ದೆಯಲ್ಲ. ಆದರೆ ಕಾಗದದ ಮಾತನ್ನು ಚನ್ನು ಎತ್ತಲೇ ಇಲ್ಲ. ಅವನು ಚಾಪೆ ಕೆಳಗೆ ತೂರಿದರೆ ಅವನಮ್ಮ ರಂಗೋಲಿ ಕೆಳಗೆ ತೂರುತ್ತಾಳೆ.

ಈಗ ಸ್ಪೀಕರಿನ ವಿಚಾರ. ಮೊದಲ ದಿನದ್ದು ಕೈತಪ್ಪು. ಹಾಡು ಬರಲಿಲ್ಲ, ಕೆಟ್ಟಿತು ಅಂದುಕೊಂಡೆ. ಅಕ್ಕನ ಬಳಗದಲ್ಲಿ ನನ್ನ ಪಕ್ಕ ಕೂತು ಹಾಡುವ ನೀಲಗಂಗಮ್ಮ ಗೊತ್ತಲ್ಲ, ಫೋನಿನ ವಿದ್ಯೆಯಲ್ಲಿ ನಮಗೆಲ್ಲ ಅವಳೇ ಗುರು. ನೋಡಿದವಳೇ, “ಕಲ್ಯಾಣಿ, ನಿನ್ನ ಹಾಡು ಬೇರೆ ಯಾರ ಮನೇಲೋ ಬಡ್ಕೊಳ್ತಾ ಇದೆ ಕಣೇ” ಅಂದಳು. ಯಾರ ಮನೆ ಅಂತ ನನಗೆ ಕೂಡಲೇ ಹೊಳೆಯಿತು.

ಅಲ್ಲಿಂದ ಮುಂದಿನದು ಕೈತಪ್ಪಲ್ಲ ಕಣಮ್ಮ. ಹಾಡು ಓಡುತ್ತಿರುವಾಗ ನನ್ನ ಫೋನಿನಲ್ಲಿ ಒಂದು ಗೆರೆ ಸರಿಯುತ್ತದೆ. ನೀನು ಆರಿಸಿದ ಕೂಡಲೇ ಗೆರೆ ನಿಲ್ಲುತ್ತದೆ. ‘ಎದ್ದಳು’ ಅಂದುಕೊಂಡು ನಾನು ಕಾಫಿ ಸೋಸುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಮುಗಿಯುವುದರೊಳಗೆ ಒಂದಿಷ್ಟು ದರ್ಬಾರು ನಡೆಸಿಬಿಡುತ್ತೇನೆ.

ಬೇಡ ಅಂದರೆ ಹೇಳು, ಮೇಲಿನ ಅಡುಗೆಮನೆಯನ್ನೇ ಒತ್ತುತ್ತೇನೆ. ಬೇಡ ಅನ್ನದಿದ್ದರೆ, ಈಗ ನೀನು ಏನು ಕೇಳುತ್ತೀ ಅಂತ ಬರೆ.

ಶರಣು
ಕಲ್ಯಾಣಮ್ಮ


ಉಲ್ಲಾಳ
30 ಜೂನ್ 2024

ಅತ್ತೆಯವರಿಗೆ,

ಕೆಳಗಿನದನ್ನೇ ಒತ್ತಿ.

ಈಗ ಏನು ಕೇಳುತ್ತೇನೆಂದು ಹೇಳಲು ಸ್ವಲ್ಪ ನಾಚಿಕೆ. ನಾನು ಕೆಮಿಸ್ಟ್ರಿ ಹೇಳಿಕೊಡುವ ಪಿಯು ಕಾಲೇಜಿನಲ್ಲಿ ಧನ್ಯಶ್ರೀ ಎಂಬ ಹುಡುಗಿಯಿದ್ದಾಳೆ. ಪಾಠದ ನಡುವೆ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದಳು. ಕಿತ್ತುಕೊಂಡೆ. ಬೈಯುವ ಮೊದಲು ಏನಿದೆ ನೋಡೋಣವೆಂದು ನನ್ನ ಕಿವಿಗಿಟ್ಟೆ. ಇಲ್ಲೇ ಪಕ್ಕದ ಬಡಾವಣೆ ಶ್ರೀಗಂಧದ ಕಾವಲಿನ ಯಾವನೋ ಹುಡುಗ, ರ‍್ಯಾಪ್. ಮಾಗಡಿ ರಸ್ತೆಯ ಟ್ರಾಫಿಕ್ಕು, ಬೇಸಿಗೆಯ ನೀರಿನ ಟ್ಯಾಂಕರು, ಎಲ್ಲವನ್ನೂ ಉಸಿರು ಬಿಡದೆ ಹೇಳುತ್ತಾನೆ. ಕಿತ್ತುಕೊಂಡಿದ್ದನ್ನು ವಾಪಸು ಕೊಟ್ಟು, “ಹಾಡಿನ ಹೆಸರೇನು?” ಎಂದೆ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ಹೊಡೆಯಿತು. ಈಗ ಬಸ್ಸಿನಲ್ಲಿ ದಿನಾ ಅದೇ.

ಸಂಜೆ ನೀವು ಸೊಪ್ಪು ಬಿಡಿಸುವ ಹೊತ್ತಿಗೆ ನಿಮ್ಮ ಅಡುಗೆಮನೆಗೆ ಅದನ್ನು ಕಳಿಸುತ್ತೇನೆ. ಪೊರಕೆ ಹುಡುಕಬೇಡಿ.

ಇನ್ನೊಂದು ಮಾತು ಬರೆಯಲೇ ಬೇಡವೇ ಎಂದು ಯೋಚಿಸಿದೆ. ಒಂದು ಹಾಡು ಕೇಳಿ ಏನನ್ನಿಸಿತೆಂದು ಇನ್ನೊಬ್ಬರಿಗೆ ಹೇಳುವ ಅಭ್ಯಾಸ ನನಗೆ ಆ ಮನೆಯಲ್ಲಿ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಹಾಲಿಗೆ ಬಂದರೆ ಅವರು ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ನಾನೂ ನನ್ನದು ಹಾಕಿಕೊಂಡು ಇನ್ನೊಂದು ಮೂಲೆಯಲ್ಲಿ ಕೂರುತ್ತಿದ್ದೆ. ನಿಮ್ಮ ಮಗ ಕೆಟ್ಟವರಲ್ಲ. ಜಗಳವನ್ನಾದರೂ ಆಡಿದ್ದರೆ ಕೇಳಿದವರಿಗೆ ಕಾರಣ ಹೇಳಲು ಸುಲಭವಾಗುತ್ತಿತ್ತು.

ನಿಮ್ಮ
ವಚನಾ


ಬಸವೇಶ್ವರನಗರ
22 ಜುಲೈ 2024

ಚಿ. ವಚನಾಳಿಗೆ,

ನಿನ್ನ ಹುಡುಗನ ಹಾಡು ಬಂತು. ಮೊದಲ ಸಲ, ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗುತ್ತಿದ್ದಾನೆ ಅಂತ ಚೀಲ ತೆಗೆದುಕೊಂಡು ಗೇಟಿಗೆ ಹೋದೆ. ಗಾಡಿಯೂ ಇಲ್ಲ, ತರಕಾರಿಯೂ ಇಲ್ಲ. ಎದುರುಮನೆಯವರು ನನ್ನನ್ನು ನೋಡಿ ನಕ್ಕರು.

ಮಾರನೆಯ ದಿನ ಹಾಡಿನ ಮಾತು ಕಿವಿಗೆ ಹಿಡಿಯಿತು. ಟ್ಯಾಂಕರ್ ಬರುವವರೆಗೂ ಆ ಹುಡುಗನ ಅಮ್ಮ ಕೆಲಸಕ್ಕೆ ಹೋಗದೆ ಬಿಂದಿಗೆ ಇಟ್ಟುಕೊಂಡು ಕಾಯುತ್ತಾಳೆ ಅನ್ನುವಲ್ಲಿ ನನ್ನ ಕೈಯಲ್ಲಿದ್ದ ಮೆಂತ್ಯದ ಕಟ್ಟು ಹಾಗೇ ಉಳಿಯಿತು. ರಾಗ ಇಲ್ಲ, ಆದರೆ ನಿಜ ಇದೆ. ವಚನ ಹೇಳಿದ ಶರಣರೇನು ತಂಬೂರಿ ಶ್ರುತಿ ಮಾಡಿಕೊಂಡು ಕೂತಿದ್ದರೇ? ರಾಗ ಹಾಕಿದ್ದು ಆಮೇಲಿನವರು. ಬಳಗದಲ್ಲಿ ಈ ಮಾತು ಹೇಳಿದೆ. ಅರ್ಧ ಜನ ಮುಖ ಗಂಟು ಹಾಕಿಕೊಂಡರು. ನೀಲಗಂಗಮ್ಮ ಮಾತ್ರ, “ನಂಗೂ ಆ ಹಾಡು ಹಾಕ್ಕೊಡೇ” ಅಂದಳು.

ಇದಿಷ್ಟೇ ಬರೆಯಬೇಕೆಂದು ಕೂತಿದ್ದೆ. ಇನ್ನೊಂದು ಇದೆ. ಇಬ್ಬರ ಹೆಸರು ಕೂಡಿರುವುದನ್ನೆಲ್ಲ ಚನ್ನು ಒಂದೊಂದಾಗಿ ಬಿಡಿಸುತ್ತಿದ್ದಾನೆ. ಬ್ಯಾಂಕಿನದಾಯಿತು, ವಿಮೆಯದಾಯಿತು. ತೀರ್ಪು ಬಂದ ಮೇಲೆ ಹಾಡಿನ ಖಾತೆಯನ್ನೂ ಮುಚ್ಚಿಬಿಡುತ್ತಾನಂತೆ. ಅದರಲ್ಲಿ ನಾವು ಏನು ಮಾಡುತ್ತಿದ್ದೇವೆಂದು ಅವನಿಗೆ ಗೊತ್ತಿಲ್ಲ. ಊಟ ಮಾಡುತ್ತಾ ಹೇಳಿದ. ನಾನು ಸಾರು ಬಡಿಸಿದೆ.

ನಿಮ್ಮ ಸಂಸಾರ ನಿಂತುಹೋಯಿತೆಂದು ನಾನು ಅಳಬೇಕಾದಷ್ಟು ಅತ್ತಾಗಿದೆ. ಈಗಿನ ಸಂಕಟ ಬೇರೆ. ಖಾತೆ ಹೋದರೆ ಬೆಳಗಿನ ಹಾಡು ಹೋಯಿತು. ತೀರ್ಪು ಬಂದರೆ ನೀನು ನನಗೆ ಯಾರು? ಕೋರ್ಟಿನಲ್ಲಿ ನಿಮ್ಮಿಬ್ಬರ ಸಹಿ ಕೇಳಿದರು. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ.

ಕಲ್ಯಾಣಮ್ಮ


ಉಲ್ಲಾಳ
25 ಆಗಸ್ಟ್ 2024

ಅತ್ತೆಯವರಿಗೆ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ನಿಮ್ಮ ಪ್ರಶ್ನೆಯ ಹತ್ತಿರ ಬಂದು ಪೆನ್ನು ಮುಚ್ಚಿಟ್ಟೆ.

ಖಾತೆ ಹೇಗೂ ಮುಚ್ಚಿಹೋಗುವುದು, ಅದಕ್ಕೂ ಮೊದಲೇ ಅಭ್ಯಾಸ ತಪ್ಪಿಸಿಕೊಂಡರೆ ಇಬ್ಬರಿಗೂ ಸುಲಭ ಎಂದುಕೊಂಡು ಸ್ಪೀಕರಿನ ಪ್ಲಗ್ ಕಿತ್ತಿಟ್ಟೆ. ನಿಮ್ಮ ಫೋನಿನಲ್ಲಿ ಕೆಳಗಿನ ಅಡುಗೆಮನೆ ಕಾಣೆಯಾಗಿರಬೇಕು. ಬುದ್ಧಿವಂತಿಕೆ ಎಂದುಕೊಂಡಿದ್ದೆ, ಬರೀ ಹೆದರಿಕೆ. ಬೆಳಿಗ್ಗೆ ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ, ಎದ್ದು ಸುಮ್ಮನೆ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಹಾಲು ಉಕ್ಕಿದ್ದು ಕಣ್ಣೆದುರೇ, ಆರಿಸಬೇಕೆಂದು ತೋಚಲಿಲ್ಲ. ನಿನ್ನೆ ಪ್ಲಗ್ ಮತ್ತೆ ಹಾಕಿದ್ದೇನೆ.

ಈ ದಿನಗಳಲ್ಲಿ ನಾನು ಕೇಳುತ್ತಿದ್ದುದು ಸಾರಂಗಿ, ಮಾರ್ವಾ ರಾಗ. ಮಾತಿಲ್ಲ. ನೀವೇ ಹೇಳಿಕೊಟ್ಟಿದ್ದಿರಲ್ಲ, ಹಾಡುವವರು ಎಲ್ಲಿ ಹೋದರೂ ಕೊನೆಗೆ ಆಧಾರ ಸ್ವರವಾದ ಷಡ್ಜಕ್ಕೆ ಬಂದು ಕೂರಬೇಕು ಎಂದು. ಈ ರಾಗದಲ್ಲಿ ಅದನ್ನು ಬಹಳ ಹೊತ್ತು ಮುಟ್ಟುವುದಿಲ್ಲ. ಸುತ್ತಲೇ ಅಲೆಯುತ್ತದೆ. ಕೇಳುವವರು ಕಾಯಬೇಕು. ಇಂದು ಸಂಜೆಯಿಂದ ನಿಮಗೂ ಕಳಿಸುತ್ತೇನೆ. ಸಿಟ್ಟು ಬಂದಿದ್ದರೆ ಆರಿಸಿಬಿಡಿ, ನನಗೆ ಇಲ್ಲಿ ಗೊತ್ತಾಗುತ್ತದೆ.

ವಚನಾ


ಬಸವೇಶ್ವರನಗರ
12 ಸೆಪ್ಟೆಂಬರ್ 2024

ಚಿ. ವಚನಾಳಿಗೆ,

ಸಿಟ್ಟು ಬಂದಿತ್ತು. ಮುಚ್ಚಿಡುವುದೇನು. ಕೆಳಗಿನ ಅಡುಗೆಮನೆ ಕಾಣದ ದಿನಗಳಲ್ಲಿ ನಾನು ಮೇಲಿನದರಲ್ಲೂ ಏನೂ ಹಾಕಲಿಲ್ಲ. ಪೂಜೆಯಾದ ಮೇಲೆ ಬಾಯಿ ಮುಚ್ಚಿಕೊಂಡು ರೊಟ್ಟಿ ತಟ್ಟಿದೆ.

ನಿನ್ನ ಸಾರಂಗಿ ಮೊದಲ ಸಂಜೆ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನಿಸಿತು. ಆದರೂ ಆರಿಸಲಿಲ್ಲ, ನೋಡಿರುತ್ತೀ. ಕೆಲವು ದಿನ ಕಳೆದ ಮೇಲೆ ಕಿವಿ ಪಳಗಿತು. ಮೊನ್ನೆ ಬಾಣಲೆಗೆ ಸಾಸಿವೆ ಹಾಕಿ, ಈಗ ಬರುತ್ತದೆ ಷಡ್ಜ, ಈಗ ಬರುತ್ತದೆ ಅಂತ ಕಾಯುತ್ತಾ ನಿಂತೆ. ಅದು ಬರುವುದಕ್ಕೂ ಒಗ್ಗರಣೆ ಸೀದು ಕಪ್ಪಾಗುವುದಕ್ಕೂ ಸರಿಹೋಯಿತು.

ಸೀದ ವಾಸನೆಗೆ ಚನ್ನು ಓಡಿಬಂದ. ಒಲೆ ಆರಿಸಿದ, ಕಿಟಕಿ ತೆಗೆದ. ಸ್ಪೀಕರ್ ನಿಲ್ಲಿಸಲೆಂದು ನನ್ನ ಫೋನ್ ಎತ್ತಿಕೊಂಡ. “ಅಮ್ಮ, ಇದ್ಯಾಕೆ ಎರಡು ಅಡುಗೆಮನೆ ತೋರಿಸ್ತಾ ಇದೆ?” ಅಂದ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. “ಒಂದು ನಮ್ದು, ಒಂದು ವಚನಾದು. ನಾನು ಮಾತು ಮುರಿದಿಲ್ಲ ಕಣಪ್ಪ. ಫೋನ್ ಮಾಡಿಲ್ಲ, ಮೆಸೇಜೂ ಮಾಡಿಲ್ಲ. ಹಾಡು ಹಾಕಿದೀನಿ, ಕಾಗದ ಬರ್ದಿದೀನಿ” ಅಂದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತ, ನೀನು ಕೂರುತ್ತಿದ್ದ ಸ್ಟೂಲು. ಸಾರಂಗಿಯನ್ನು ನಿಲ್ಲಿಸದೆ ಮುಗಿಯುವವರೆಗೂ ಓಡಲು ಬಿಟ್ಟ. ಆಮೇಲೆ ಕೇಳಿದ, “ಅವ್ಳು ಈಗ ಏನೇನ್ ಕೇಳ್ತಾಳಮ್ಮ?”

ಏನು ಹೇಳಲಿ ಅವನಿಗೆ? ನಿನ್ನನ್ನು ಕೇಳದೆ ಹೇಳುವುದು ಸರಿಯಲ್ಲ ಅನ್ನಿಸಿ ಪಾತ್ರೆ ತಿಕ್ಕಲು ಕೂತೆ.

ಕಲ್ಯಾಣಮ್ಮ


ಉಲ್ಲಾಳ
20 ಸೆಪ್ಟೆಂಬರ್ 2024

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಒಡೆದದ್ದು ತಪ್ಪಾಯಿತು. ಎಲ್ಲರ ಎದುರಿಗೆ ಅಳು ಬಂದುಬಿಟ್ಟಿತು. ಏಳು ವರ್ಷ ಒಂದೇ ಮನೆಯಲ್ಲಿದ್ದಾಗ ಒಂದು ದಿನವೂ ಅವರು ಕೇಳದ ಪ್ರಶ್ನೆ ಅದು.

ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಕೇಳಿದ್ದೆನೇ? ಅವರ ಹೆಡ್‌ಫೋನಿನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಒಳಗೆ ಏನು ಹಾಡುತ್ತಿದೆ ಎಂದು ತಿಳಿದುಕೊಳ್ಳಬೇಕೆಂದು ಅನ್ನಿಸಲೇ ಇಲ್ಲ.

ಅವರಿಗೆ ಹೇಳಿ. ಟ್ಯಾಂಕರಿನ ಹಾಡು, ಸಾರಂಗಿ, ನಿಮ್ಮ ವಚನಗಳು, ಎಲ್ಲವನ್ನೂ ಹೇಳಿ. ಇದರಲ್ಲಿ ಗುಟ್ಟೇನಿಲ್ಲ. ಹೇಳಿ, ನನ್ನ ಪರವಾಗಿ ಕೇಳಿ, ಅವರು ಏನು ಕೇಳುತ್ತಿದ್ದರು ಎಂದು.

ವಾಪಸು ಬರುವ ಆಸೆಯಿಂದ ಕೇಳುತ್ತಿಲ್ಲ. ಅದು ನಿಮಗೆ ಅರ್ಥವಾಗುತ್ತದೆ ಎಂಬ ನಂಬಿಕೆಯಿದೆ.

ವಚನಾ


ಬಸವೇಶ್ವರನಗರ
6 ಅಕ್ಟೋಬರ್ 2024

ಚಿ. ವಚನಾಳಿಗೆ,

ಕೇಳಿದೆ. ನಡೆದ ಮಾತನ್ನು ಹಾಗೇ ಬರೆಯುತ್ತೇನೆ, ಒಗ್ಗರಣೆ ಹಾಕುವುದಿಲ್ಲ.

“ಏನೂ ಕೇಳ್ತಿರ್ಲಿಲ್ಲಮ್ಮ. ಸುಮ್ನೆ ಹಾಕ್ಕೊಂಡಿರ್ತಿದ್ದೆ” ಅಂದ.

“ಏನೂ ಇಲ್ದೇನಾ?”

“ಏನೂ ಇಲ್ದೆ. ನೀವಿಬ್ರೂ ಅಡುಗೆಮನೇಲಿ ಹಾಕ್ತಿದ್ರಲ್ಲ, ಅದೇ ಸಣ್ಣಗೆ ಕೇಳಿಸ್ತಿತ್ತು.”

“ಹಂಗಾದ್ರೆ ಒಳಗೆ ಬರ್ಬಾರ್ದಿತ್ತೇನೋ?”

“ಬಂದ್ರೆ ನೀವಿಬ್ರೂ ಮಾತು ನಿಲ್ಲಿಸ್ಬಿಡ್ತಿದ್ರಿ.”

ಸುಳ್ಳು ಅನ್ನಲು ಬಾಯಿ ತೆಗೆದೆ. ನೆನಪಾಯಿತು, ಮುಚ್ಚಿದೆ. ಅವನು ನೀರು ಕುಡಿಯಲು ಬಂದರೆ ನಾವು ಜಾಗ ಬಿಟ್ಟು ನಿಲ್ಲುತ್ತಿದ್ದೆವು, ಲೋಟ ತೊಳೆದಿಟ್ಟು ಅವನು ಹೋಗುವವರೆಗೂ ಕಾಯುತ್ತಿದ್ದೆವು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಂಗಾರ ಹೆಚ್ಚಾಯಿತು ಕಣಮ್ಮ.

ನಿನ್ನನ್ನು ಕರೆಯಲು ಇದನ್ನು ಬರೆಯುತ್ತಿಲ್ಲ. ಅವನೂ ಕರೆಯುತ್ತಿಲ್ಲ. ಒಡೆದ ಹಾಲಿಗೆ ಎಷ್ಟು ಸಕ್ಕರೆ ಹಾಕಿದರೂ ಅದು ಮತ್ತೆ ಹಾಲಾಗುವುದಿಲ್ಲ. ಹಾಡಿನ ಖಾತೆ ಇರಲಿ ಬಿಡೋ ಅಂದೆ. “ಬೇಡಮ್ಮ. ಅದು ಇದ್ರೆ ದಿನಾ ಅವ್ಳು ಏನ್ ಹಾಕಿದಾಳೆ ಅಂತ ನೋಡ್ತಾ ಕೂರ್ತೀನಿ. ಈಗ್ಲೇ ನೋಡ್ತಾ ಇದೀನಿ” ಅಂದ. ಆಮೇಲೆ ನಾನು ಒತ್ತಾಯ ಮಾಡಲಿಲ್ಲ. ಅವನೂ ಬದುಕಬೇಕಲ್ಲ.

ಕಲ್ಯಾಣಮ್ಮ


ಉಲ್ಲಾಳ
17 ನವೆಂಬರ್ 2024

ಮೇಲೆ ಏನೆಂದು ಬರೆಯಬೇಕೋ ತಿಳಿಯದೆ ಹಾಗೇ ಶುರುಮಾಡುತ್ತಿದ್ದೇನೆ. ತೀರ್ಪು ಬಂತು. ಅವರು ಹೇಳಿರುತ್ತಾರೆ.

ಒಳಗೆ ಹೆಚ್ಚು ಹೊತ್ತೇನೂ ಆಗಲಿಲ್ಲ. ಹೊರಗೆ ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಬಂದು, “ಆ ಟ್ಯಾಂಕರ್ ಹುಡುಗನ ಹಾಡು ಕೇಳ್ದೆ. ಚೆನ್ನಾಗಿದೆ” ಎಂದರು. ನಾನು, “ಕೊನೇಲಿ ಅವ್ನ ಅಮ್ಮಂದೇ ದನಿ ಬರುತ್ತೆ, ಗಮನಿಸಿದ್ರಾ?” ಎಂದೆ. “ಹೌದಾ? ಮತ್ತೆ ಕೇಳ್ತೀನಿ” ಎಂದು ಬೈಕ್ ನಿಲ್ಲಿಸಿದ್ದ ಕಡೆಗೆ ಹೋದರು. ಹಾಡಿನ ಬಗ್ಗೆ ನಾವಿಬ್ಬರೂ ಆಡಿದ ಮಾತು ಅಷ್ಟೇ. ಆಟೋದಲ್ಲಿ ಅತ್ತುಬಿಟ್ಟೆ, ಆದರೆ ಎದೆ ಹಗುರವಾಗಿಯೇ ಇತ್ತು.

ಅಂದೇ ಸಂಜೆ ಖಾತೆ ಮುಚ್ಚಿತು. ಮಾರನೆಯ ದಿನ ಬೆಳಿಗ್ಗೆ ಎಚ್ಚರವಾಗಿ ಹಾಡಿಗಾಗಿ ಕಾಯುತ್ತಾ ಮಲಗಿದ್ದೆ. ಕಾಲೇಜಿಗೆ ತಡವಾಯಿತು. ನಾನೇ ಬೇರೆ ಖಾತೆ ಮಾಡಿಸಿಕೊಂಡು ಅದೇ ವಚನ ಹಾಕಬಹುದು. ಆದರೆ ನಾನು ಹಾಕಿದರೆ ಅದು ನಾನು ಹಾಕಿದ್ದಾಗುತ್ತದೆ.

ಜುಲೈಯಲ್ಲಿ ಒಂದು ಪ್ರಶ್ನೆ ಕೇಳಿದ್ದಿರಿ, ತೀರ್ಪು ಬಂದ ಮೇಲೆ ನೀನು ನನಗೆ ಯಾರು ಎಂದು. ನನಗೆ ನೀವು ಬೇಕು, ಅಷ್ಟು ಗೊತ್ತು. ಏನೆಂದು ಕರೆಯಬೇಕೋ ನೀವೇ ಹೇಳಿ.

ವಚನಾ


ಬಸವೇಶ್ವರನಗರ
1 ಡಿಸೆಂಬರ್ 2024

ಚಿ. ವಚನಾಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಫೋನ್ ಹಿಡಿದುಕೊಂಡು ನೀಲಗಂಗಮ್ಮನ ಮನೆಗೆ ಹೋದೆ. “ನಂಗೆ ನನ್ನ ಹೆಸ್ರಲ್ಲೇ ಹಾಡಿನ ಖಾತೆ ಬೇಕು. ಅದ್ರಲ್ಲಿ ವಚನಾನೂ ಇರ್ಬೇಕು” ಅಂದೆ. ಅವಳು ಕನ್ನಡಕ ಏರಿಸಿಕೊಂಡು ಹುಡುಕಿದಳು. ಇಬ್ಬರಿಗೆ ಸೇರಿ ಒಂದು ಅಂತ ಇದೆಯಂತೆ. ಇದರಲ್ಲಿ ಇಬ್ಬರೂ ಒಟ್ಟಿಗೆ ಹಾಡು ಕೇಳಬಹುದು, ನಿನ್ನದು ಶುರುವಾದರೆ ನನ್ನದು ನಿಲ್ಲುವುದಿಲ್ಲ. ಆದರೆ ನಿನ್ನ ಅಡುಗೆಮನೆಯಲ್ಲಿ ಇಲ್ಲಿಂದ ಹಾಡು ಹಾಕಲು ಆಗುವುದಿಲ್ಲ. ಅದೊಂದು ನಷ್ಟ. ಬೆಳಿಗ್ಗೆ ನಾನು ಯಾವ ವಚನ ಹಾಕುತ್ತೇನೋ ಹಿಂದಿನ ಕಾಗದದಲ್ಲೇ ಬರೆದಿರುತ್ತೇನೆ, ಆ ಹೊತ್ತಿಗೆ ನೀನೂ ಅದನ್ನೇ ಹಾಕಿಕೋ. ನಾನು ನಾಳೆಯಿಂದಲೇ ಶುರು, ಕಾಗದ ಸಿಕ್ಕ ಮೇಲೆ ನೀನೂ ಸೇರಿಕೋ, ಮೊದಲ ವಾರ ನಿನ್ನನ್ನು ಎಬ್ಬಿಸಿದ ಹಾಡೇ.

ಹೆಸರು, ವಯಸ್ಸು ಎಲ್ಲ ಆಯಿತು. ವಯಸ್ಸು ಸರಿಯಾಗಿಯೇ ಹಾಕಿಸಿದೆ. ಕೊನೆಗೆ ನೀಲಗಂಗಮ್ಮ ಬೆರಳು ತಡೆದು ನನ್ನ ಮುಖ ನೋಡಿದಳು.

“ಕಲ್ಯಾಣಿ, ಇದು ಒಂದೇ ಮನೇಲಿ ಇರೋರಿಗೆ ಮಾತ್ರ ಅಂತೆ. ಇಬ್ರೂ ಒಂದೇ ಮನೇಲಿ ಇದೀರಾ ಅಂತ ಕೇಳ್ತಾ ಇದೆ. ಹೌದು ಅಂತ ಒತ್ತೋಕೆ ನಿಂಗೆ ಮನಸ್ಸು ಬರಲ್ಲ, ಬಿಡು. ಬೇರೆ ನೋಡೋಣ.”

ಫೋನನ್ನು ಅವಳ ಕೈಯಿಂದ ತೆಗೆದುಕೊಂಡೆ. ಹೌದು ಅಂತ ನಾನೇ ಒತ್ತಿದೆ. ವೋಟರ್ ಲಿಸ್ಟಿನವರ ಹಿಂದೆ ಬೀದಿ ಕೊನೆಯವರೆಗೆ ಹೋದವಳು ನಾನು. ಇದನ್ನು ತಿದ್ದಿಸಬೇಕು ಅಂತ ಇವತ್ತಿಗೂ ಅನ್ನಿಸಿಲ್ಲ.

ನಿನಗೆ ಒಂದು ಮೆಸೇಜು ಬರುತ್ತದೆ. ಅದನ್ನು ಕಳಿಸುವವಳು ನೀಲಗಂಗಮ್ಮ, ನಾನಲ್ಲ, ನನ್ನ ಮಾತು ಹಾಗೇ ಇದೆ. ಅದನ್ನು ಒತ್ತಿದರೆ ನಿನ್ನ ವಿಳಾಸ ಕೇಳುತ್ತದಂತೆ. ಉಲ್ಲಾಳದ್ದು ಹಾಕಬೇಡ. ನಮ್ಮ ಮನೆಯದನ್ನೇ ಬರೆ.

ನಿನ್ನ ಅತ್ತೆ
ಕಲ್ಯಾಣಮ್ಮ